ಆ ಶಾಟ್‌ನೊಳಗೆ ಗಾಳಿ ಎಲ್ಲಿಂದ ಬಂತು?

ಬಾಹ್ಯಾಕಾಶದ ಸೀರಿಯಲ್‌ಗೆ ಮಾಡಿದ ವಿಎಫ್‌ಎಕ್ಸ್ (ಕಂಪ್ಯೂಟರ್‌ನ ದೃಶ್ಯ ಪರಿಣಾಮ) ಶಾಟ್ ಪರಿಶೀಲನೆಗೆ ಬಂದರೆ ನಾನು ಮೊದಲು ಹುಡುಕುವುದು ಗಾಳಿಯನ್ನು. ನಿರ್ವಾತದಲ್ಲಿ ಅದು ಇರಬಾರದು, ಅಲ್ವಾ? ಆದರೂ ಹೇಗೋ ನುಗ್ಗಿರುತ್ತದೆ. ನಮ್ಮ ಕಣ್ಣು ಪಳಗಿರುವುದೇ ಗಾಳಿಯೊಳಗೆ.

ಧೂಳನ್ನೇ ತಗೊಳ್ಳಿ. ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಡ್ರ್ಯಾಗ್, ಅಂದರೆ ಗಾಳಿಯ ತಡೆ, ಸ್ವಲ್ಪ ಉಳಿದರೂ ಸಾಕು, ಚಂದ್ರನ ಧೂಳು ಹೊಗೆಯಂತೆ ಎದ್ದು ತೇಲತೊಡಗುತ್ತದೆ. ನೋಡೋಕೆ ಚೆಂದ, ಆದರೆ ಸುಳ್ಳು. 1972ರಲ್ಲಿ ಅಪೋಲೊ 16ರ ಗಗನಯಾತ್ರಿಗಳು ಚಂದ್ರನ ಮೇಲೆ ರೋವರ್ ಓಡಿಸಿದ ಫಿಲ್ಮ್ ಇದೆ. ಚಕ್ರದ ಹಿಂದೆ ಚಿಮ್ಮಿದ ಧೂಳು ಕಮಾನಿನಂತೆ ಮೇಲೇರಿ, ಹಾಗೇ ನೆಲಕ್ಕೆ ಬೀಳುತ್ತದೆ. ಸುಳಿಯುವುದಿಲ್ಲ, ತೇಲುವುದಿಲ್ಲ. ಹೊಸಬರಿಗೆ ನಾನು ಇದನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ತೋರಿಸುತ್ತೇನೆ. ಆಮೇಲೆ ಡ್ರ್ಯಾಗ್ ಸೊನ್ನೆ ಮಾಡಿ ಅಂತ ಹೇಳುವ ಅಗತ್ಯವೇ ಇರುವುದಿಲ್ಲ.

ದೂರ ತೋರಿಸುವುದು ಇನ್ನೂ ಕಷ್ಟ. ಭೂಮಿಯ ಮೇಲೆ ದೂರದ ಬೆಟ್ಟ ಮಸುಕಾಗಿ ಕಾಣುವುದು ನಡುವಿನ ಗಾಳಿಯಿಂದ. ಅದೇ ಅಭ್ಯಾಸದಲ್ಲಿ ದೊಡ್ಡ ನೌಕೆಯ ಹಿಂಭಾಗಕ್ಕೂ ಕಂಪಾಸಿಟಿಂಗ್‌ನಲ್ಲಿ (ಚಿತ್ರದ ಪದರಗಳನ್ನು ಒಂದರ ಮೇಲೊಂದು ಜೋಡಿಸುವಾಗ) ಮಂಜಿನ ಪದರ ಹಾಕಿಬಿಡುತ್ತಾರೆ. ತೆಗೆದರೆ ನೌಕೆ ಆಟಿಕೆಯಂತೆ ಕಾಣುತ್ತದೆ ಎಂಬ ಭಯ. ಆ ಭಯ ಸುಮ್ನೆ ಅಲ್ಲ. ಆದರೆ ಗಾತ್ರ ತೋರಿಸೋಕೆ ಸಣ್ಣ ಕಿಟಕಿಗಳು, ಪ್ಯಾನೆಲ್ ಗೆರೆಗಳು, ನಿಧಾನವಾದ ಚಲನೆ ಇವೆ. ಸ್ವಲ್ಪ ಜಾಸ್ತಿ ದುಡಿಯಬೇಕು, ಅಷ್ಟೇ.

ಬೆಳಕಿನದೂ ಇದೇ ಕಥೆ. ಹಗಲಿನ ನೆರಳಿನಲ್ಲೂ ನಮಗೆ ವಸ್ತುಗಳು ಕಾಣಲು ಮುಖ್ಯ ಕಾರಣ ಆಕಾಶ ಚದುರಿಸಿದ ಬೆಳಕು. ಅಲ್ಲಿ ಆ ಆಕಾಶವೇ ಇಲ್ಲ. ಭೂಮಿಯ ಹತ್ತಿರವಾದರೆ ಅನುಕೂಲ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು 30 ಶೇಕಡಾ ಭೂಮಿ ಹಿಂದಕ್ಕೆ ಎಸೆಯುತ್ತದೆ. ನೌಕೆಯ ಕತ್ತಲ ಬದಿಗೆ ಆ ನೀಲಿ ಬೆಳಕು ಬಿದ್ದರೆ ದೃಶ್ಯ ತಾನಾಗಿ ನಂಬಿಕೆ ಹುಟ್ಟಿಸುತ್ತದೆ. ಗ್ರಹದಿಂದ ದೂರ ಬಂದ ಮೇಲೆ ಆ ಬದಿ ಕಪ್ಪಾಗಿರಲಿ. ನಿರ್ದೇಶಕರು ಕೇಳಿದರೂ ಇದನ್ನು ನಾನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಶಬ್ದದ ವಿಷಯ ಎಲ್ಲರಿಗೂ ಗೊತ್ತು, ಬಿಡಿ.

ಇನ್ನು ತಿರುವು. ವಿಮಾನ ವಾಲಿ ತಿರುಗುವುದು ರೆಕ್ಕೆಗೆ ಗಾಳಿಯ ಆಸರೆ ಇರುವುದರಿಂದ. ನೌಕೆ ಸುಮ್ನೆ ವಾಲಿದರೆ ದಾರಿ ಬದಲಾಗದು. 'ಬ್ಯಾಬಿಲಾನ್ 5' ಎಂಬ ಟಿವಿ ಸೀರಿಯಲ್ 1990ರ ದಶಕದಲ್ಲೇ ಇದನ್ನು ಸರಿಯಾಗಿ ತೋರಿಸಿತು. ಅದರ ಸ್ಟಾರ್‌ಫ್ಯೂರಿ ಎಂಬ ಯುದ್ಧನೌಕೆ ಮುಂದಕ್ಕೆ ಸಾಗುತ್ತಲೇ ಗಿರಕ್ಕನೆ ತಿರುಗಿ, ಬೆನ್ನು ಹತ್ತಿದವನ ಮೇಲೆ ಗುಂಡು ಹಾರಿಸುತ್ತದೆ. 'ದಿ ಎಕ್ಸ್‌ಪ್ಯಾನ್ಸ್' ಸೀರಿಯಲ್‌ನಲ್ಲಿ ನೌಕೆಗಳು ಅರ್ಧ ದಾರಿಯಲ್ಲಿ ಹಿಂದುಮುಂದಾಗಿ, ಎಂಜಿನ್ ಉರಿಸಿ ವೇಗ ಇಳಿಸುತ್ತವೆ. ಭೌತಶಾಸ್ತ್ರ ಪಾಲಿಸಿದ್ದಕ್ಕೇ ಈ ದೃಶ್ಯಗಳಿಗೆ ಆ ಬಿಗಿ ಬಂದದ್ದು.

ನೌಕೆ ಸ್ಫೋಟಿಸಿದ ಮೇಲಿನ ಶಾಟ್ ಬಂದಾಗ ನಾನು ಕೊನೆಯ ಫ್ರೇಮಿನವರೆಗೂ ಚೂರುಗಳನ್ನೇ ನೋಡುತ್ತೇನೆ. ತಡೆಯುವ ಗಾಳಿ ಇಲ್ಲದ ಕಡೆ ಅವು ಹೊರಟ ವೇಗದಲ್ಲೇ ನೇರವಾಗಿ ಹೋಗುತ್ತಿರಬೇಕು. ನಿಧಾನವಾದರೆ ಶಾಟ್ ವಾಪಸ್.