ಇಎಸ್‌ಪಿಎನ್ ನೋಡದವರು ದುಡ್ಡು ಕಟ್ಟೋದು ಬಿಟ್ಟಾಗ

2016ರಲ್ಲಿ ನ್ಯೂಜೆರ್ಸಿಯಿಂದ ನಮ್ಮ ಭಾವ ತಮ್ಮನೆ ಕೇಬಲ್ ಬಿಲ್ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು, "ನೀನು ಇದೇ ಫೀಲ್ಡಲ್ಲಿದೀಯಲ್ಲ, ಇದ್ರಲ್ಲಿ ಏನ್ ತೆಗೆಸಿದ್ರೆ ಕಮ್ಮಿ ಆಗುತ್ತೆ ನೋಡಿ ಹೇಳೋ" ಅಂತ. ನಂದು ಬೆಂಗಳೂರಲ್ಲಿ ಚಾನೆಲ್ ಡಿಸ್ಟ್ರಿಬ್ಯೂಷನ್ ಕೆಲಸ, ಅಂದ್ರೆ ಕೇಬಲ್‌ನವರ ಹತ್ರ ರೇಟ್ ಮಾತಾಡೋದು, ಬೊಕೆ ಅಂದ್ರೆ ಚಾನೆಲ್ ಗುಂಪು ಹೊಂದಿಸೋದು, ಕಲೆಕ್ಷನ್‌ಗೆ ಅಲೆಯೋದು. ಬಿಲ್ಲಲ್ಲಿ ಬಾಕ್ಸ್ ಬಾಡಿಗೆ ಇತ್ತು, ರೀಜನಲ್ ಸ್ಪೋರ್ಟ್ಸ್ ಫೀ ಅಂತ ಒಂದು ಸಾಲಿತ್ತು, ಆದ್ರೆ ಆ ಪ್ಯಾಕ್‌ನಲ್ಲಿ ಎಲ್ಲಕ್ಕಿಂತ ದುಬಾರಿ ಚಾನೆಲ್ಲಿನ ಹೆಸರೇ ಇರ್ಲಿಲ್ಲ. ಅದು ಇಎಸ್‌ಪಿಎನ್ ಅನ್ನೋ ಸ್ಪೋರ್ಟ್ಸ್ ಚಾನೆಲ್ಲು, ಆಗ ಮನೆಗೆ ತಿಂಗಳಿಗೆ ಹತ್ತತ್ರ 7 ಡಾಲರ್, ಪ್ಯಾಕ್ ಒಳಗೇ ಸೇರ್ಕೊಂಡಿರ್ತಿತ್ತು. ಭಾವನ ಮನೇಲಿ ಟಿವಿ ಹಾಕ್ತಿದ್ದಿದ್ದೇ ಕ್ರಿಕೆಟ್ ಇದ್ದಾಗ, ಅದೂ ವಿಲ್ಲೋ ಚಾನೆಲ್‌ನಲ್ಲಿ. ಅಮೆರಿಕನ್ ಫುಟ್ಬಾಲ್ ರೂಲ್ಸು ಅವರಿಗೆ ಇವತ್ತಿಗೂ ತಿಳಿಯಲ್ಲ, ಆದ್ರೂ ವರ್ಷಕ್ಕೆ 84 ಡಾಲರ್ ಇಎಸ್‌ಪಿಎನ್‌ಗೆ ಹೋಗ್ತಿತ್ತು.

ಇಎಸ್‌ಪಿಎನ್ ಯಾಕೆ ಪದೇಪದೇ ಜನರನ್ನ ಕೆಲಸದಿಂದ ತೆಗೀತಿದೆ ಅಂತ ಕೇಳಿದಾಗೆಲ್ಲ ನಂಗೆ ಆ ಬಿಲ್ಲೇ ನೆನಪಾಗೋದು. 1979ರಲ್ಲಿ ಕನೆಕ್ಟಿಕಟ್‌ನ ಬ್ರಿಸ್ಟಲ್ ಅನ್ನೋ ಸಣ್ಣ ಊರಲ್ಲಿ ಶುರುವಾದ ಚಾನೆಲ್ಲು, ಈಗ ಡಿಸ್ನಿ ಕೈಲಿದೆ, 2011ರ ಹೊತ್ತಿಗೆ ಸುಮಾರು 10 ಕೋಟಿ ಮನೇಲಿ ಬರ್ತಿತ್ತು. ಅಷ್ಟೂ ಮನೆಯವರು ಆಟ ನೋಡ್ತಿದ್ರಾ? ಎಲ್ಲಿ ಸಾಧ್ಯ. ಅಡುಗೆ ಚಾನೆಲ್ ನೋಡೋರು, ಬರೀ ನ್ಯೂಸ್ ಹಾಕ್ಕೊಂಡು ಕೂರೋ ತಾತಂದಿರು, ನಮ್ಮ ಭಾವನಂಥೋರು, ಎಲ್ಲರ ಜೇಬಿಂದಲೂ ತಿಂಗಳು ತಿಂಗಳು ದುಡ್ಡು ಬರ್ತಿತ್ತು. ಜಾಹೀರಾತಿನ ಆದಾಯ ಇದರ ಮೇಲೆ ಬೇರೆ.

ಆಮೇಲೆ ನೆಟ್‌ಫ್ಲಿಕ್ಸ್ ಜೋರಾಯ್ತು, ಕೇಬಲ್ಲೇ ಬೇಡ ಅಂತ ಜನ ಕಿತ್ತು ಹಾಕೋಕೆ ಶುರು ಮಾಡಿದ್ರು. ಮೊದಲು ಹೋದವರು ಆಟ ನೋಡದವರೇ, ಆಟದ ಹುಚ್ಚಿರೋನಿಗೆ ಲೈವ್ ಬೇಕಲ್ಲ, ಅವನು ಕೊನೇತನಕ ಕೇಬಲ್ ಹಿಡ್ಕೊಂಡಿರ್ತಾನೆ. 2017ರ ಹೊತ್ತಿಗೆ ಮನೆಗಳು 8.8 ಕೋಟಿ ಆಸುಪಾಸಿಗೆ ಇಳಿದಿದ್ವು. ಹೋಗಿದ್ದು 1.2 ಕೋಟಿ ಮನೆ, ಮನೆಗೆ 7 ಡಾಲರ್, ಹನ್ನೆರಡು ತಿಂಗಳು, ಗುಣಿಸಿ ನೋಡಿ, ವರ್ಷಕ್ಕೆ 100 ಕೋಟಿ ಡಾಲರ್ ದಾಟುತ್ತೆ. 2015ರ ಆಗಸ್ಟಲ್ಲಿ ಡಿಸ್ನಿಯವರು ಚಂದಾದಾರರು ಸ್ವಲ್ಪ ಕಮ್ಮಿ ಆಗ್ತಿದಾರೆ ಅಂತ ಬಾಯಿಬಿಟ್ಟಿದ್ದಕ್ಕೇ ಷೇರು ಮಾರನೇ ದಿನ ಶೇ 9ರಷ್ಟು ಬಿದ್ದಿತ್ತು.

ನಮ್ಮಲ್ಲೂ ಇದರ ಒಂದು ರುಚಿ ನೋಡಿದೀವಿ. 2019ರಲ್ಲಿ ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡೋ ಟ್ರಾಯ್ ಹೊಸ ನಿಯಮ ತಂದು ಬೇಕಾದ ಚಾನೆಲ್ ಮಾತ್ರ ಆರಿಸ್ಕೊಳ್ಳಿ ಅಂದಾಗ ನಾನು ದಾವಣಗೆರೆಯಲ್ಲಿ ಒಬ್ಬ ಆಪರೇಟರ್ ಜೊತೆ ಮನೆಮನೆ ಫಾರಂ ತುಂಬಿಸೋಕೆ ಹೋಗಿದ್ದೆ. ಒಬ್ಬ ಅಜ್ಜಿ ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿಸಿದ್ರು, ಸ್ಟಾರ್ ಸ್ಪೋರ್ಟ್ಸ್ 19 ರೂಪಾಯಿ ಅಂದ ತಕ್ಷಣ "ಇಷ್ಟ್ ದಿನ ಇದಕ್ಕೂ ನನ್ ಹತ್ರ ಇಸ್ಕೊಂತಿದ್ರೇನಪ್ಪಾ?" ಅಂತ ಕೇಳಿದ್ರು. ಆಪರೇಟರ್ ನನ್ನ ಮುಖ ನೋಡ್ದ, ನಾನು ಫಾರಂ ನೋಡ್ದೆ.

ಸರಿ, ಆದಾಯ ಬಿತ್ತು, ಖರ್ಚು ಇಳಿಸಬಹುದಿತ್ತಲ್ಲ ಅಂತೀರಾ. ದೊಡ್ಡ ಖರ್ಚು ಇರೋದೇ ಪ್ರಸಾರದ ಹಕ್ಕಲ್ಲಿ, ಅದನ್ನ ಮುಟ್ಟೋಕಾಗಲ್ಲ. ಮನೆಗಳು ತುಂಬಿ ತುಳುಕ್ತಿದ್ದ 2011ರಲ್ಲೇ ಸೋಮವಾರ ರಾತ್ರಿಯ ಎನ್‌ಎಫ್‌ಎಲ್, ಅಂದ್ರೆ ಅಲ್ಲಿನ ಫುಟ್ಬಾಲ್ ಲೀಗ್‌ನ ಮ್ಯಾಚುಗಳಿಗೆ ವರ್ಷಕ್ಕೆ ಸುಮಾರು 190 ಕೋಟಿ ಡಾಲರ್ ಅಂತ ಸೈನ್ ಹಾಕಿದ್ರು, 2014ರಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ವರ್ಷಕ್ಕೆ 140 ಕೋಟಿ. ಚಂದಾದಾರ ನಾಳೆ ಬೆಳಿಗ್ಗೆ ಫೋನ್ ಮಾಡಿ ಕಟ್ ಮಾಡ್ಸಬಹುದು, ಚಾನೆಲ್ಲು ಎಂಟೊಂಬತ್ತು ವರ್ಷ ಕಟ್ತಾನೇ ಇರ್ಬೇಕು. ಬಿಟ್ರೆ ಬೇರೆಯವರು ಎತ್ಕೊಂಡು ಹೋಗ್ತಾರೆ, ಮ್ಯಾಚಿಲ್ಲದ ಸ್ಪೋರ್ಟ್ಸ್ ಚಾನೆಲ್ ಯಾರಿಗೆ ಬೇಕು.

ಉಳಿದಿದ್ದು ಸಂಬಳದ ಪಟ್ಟಿ. 2015ರಲ್ಲಿ ಸುಮಾರು 300 ಜನ, 2017ರ ಏಪ್ರಿಲ್‌ನಲ್ಲಿ ಪರದೆ ಮೇಲೆ ಕಾಣೋರು, ಬರೆಯೋರು ಸೇರಿ ನೂರು, ಅದೇ ನವೆಂಬರಲ್ಲಿ ಮತ್ತೆ 150, ಕೋವಿಡ್ ವರ್ಷ 300 ಜನರನ್ನ ತೆಗೆದು ಖಾಲಿ ಇದ್ದ 200 ಹುದ್ದೆ ಹಾಗೇ ಮುಚ್ಚಿದ್ರು, 2023ರಲ್ಲಿ ನಿರೂಪಕಿ ಸೂಜಿ ಕೋಲ್ಬರ್, ಬ್ಯಾಸ್ಕೆಟ್‌ಬಾಲ್ ಕಾಮೆಂಟೇಟರ್ ಜೆಫ್ ವಾನ್ ಗಂಡಿ ಥರ ಮನೆಮಾತಾದವರೂ ಹೋದ್ರು. ಇದರಿಂದ ಎಷ್ಟು ಉಳೀತು ಅಂತ ಲೆಕ್ಕ ಹಾಕಿ, 2017ರ ಏಪ್ರಿಲ್‌ನ ಆ ನೂರು ಜನಕ್ಕೂ ತಲಾ 2 ಲಕ್ಷ ಡಾಲರ್ ಸಂಬಳ ಅಂತಾನೇ ಇಟ್ಕೊಳ್ಳಿ, ಒಟ್ಟು 2 ಕೋಟಿ ಡಾಲರ್. ಆ ಸೋಮವಾರದ ಒಂದೇ ಒಂದು ಮ್ಯಾಚು 10 ಕೋಟಿ ಡಾಲರ್‌ಗಿಂತ ಜಾಸ್ತಿ ಬೀಳ್ತಿತ್ತು. ತೂತು ಮುಚ್ಚೋಕೆ ಆ ಉಳಿತಾಯ ಎಲ್ಲಿಗೂ ಸಾಕಾಗಲ್ಲ, ನನ್ನ ಕೇಳಿದ್ರೆ ಈ ಕೆಲಸ ಕಡಿತದಲ್ಲಿ ಅರ್ಧ ಭಾಗ ಷೇರುದಾರರಿಗೆ ತೋರಿಸೋಕೆ ಮಾಡಿದ್ದು.

ರಾಜಕೀಯ ಜಾಸ್ತಿ ಮಾತಾಡಿ ಜನರನ್ನ ಕಳ್ಕೊಂಡ್ರು ಅಂತ ಒಂದು ವಾದ ಅಲ್ಲಿ ಜೋರಾಗಿ ಓಡ್ತು. ಸ್ವಲ್ಪ ಜನ ಸಿಟ್ಟಾಗಿರಬಹುದು, ಇಲ್ಲ ಅನ್ನಲ್ಲ, ಆದ್ರೆ ಕೇಬಲ್ ಕಿತ್ತಾಗ ಅಡುಗೆ ಚಾನೆಲ್ಲು, ಕಾರ್ಟೂನ್ ಚಾನೆಲ್ಲುಗಳಿಗೂ ಅದೇ ಏಟು ಬಿತ್ತು, ಅವು ಯಾವ ರಾಜಕೀಯ ಮಾತಾಡಿದ್ವು? ಅದಕ್ಕಿಂತ ಇಎಸ್‌ಪಿಎನ್‌ನ ಹೈಲೈಟ್ಸ್ ಕಾರ್ಯಕ್ರಮ ಸ್ಪೋರ್ಟ್ಸ್‌ಸೆಂಟರ್ ಕಥೆ ದೊಡ್ಡದು. ಮೊದಲು ಹೈಲೈಟ್ಸ್ ಬೇಕಂದ್ರೆ ರಾತ್ರಿ ಅದಕ್ಕೇ ಕಾಯ್ಬೇಕಿತ್ತು, ಈಗ ಭಾವನ ಮಗ ಬ್ಯಾಸ್ಕೆಟ್‌ಬಾಲ್ ಮ್ಯಾಚು ಮುಗಿಯೋಕೆ ಮುಂಚೆನೇ ಒಳ್ಳೊಳ್ಳೆ ಡಂಕ್ ಎಲ್ಲ ಫೋನಲ್ಲಿ ನೋಡಿ ಮುಗಿಸಿರ್ತಾನೆ, ಚಾನೆಲ್ ಹೆಸರು ಕೂಡ ಅವನಿಗೆ ಬೇಕಾಗಿಲ್ಲ.

2018ರಲ್ಲಿ 4.99 ಡಾಲರ್‌ಗೆ ಇಎಸ್‌ಪಿಎನ್ ಪ್ಲಸ್ ಅಂತ ಆ್ಯಪ್ ಬಿಟ್ರು, ಆದ್ರೆ ದೊಡ್ಡ ಮ್ಯಾಚು ಬಹುತೇಕ ಕೇಬಲ್ಲಲ್ಲೇ ಇಟ್ಕೊಂಡ್ರು, ಯಾಕಂದ್ರೆ ಅವನ್ನೆಲ್ಲ ಆ್ಯಪ್‌ಗೆ ಹಾಕಿದ್ರೆ ಉಳಿದಿರೋ ಕೇಬಲ್ ಗಿರಾಕಿನೂ ಹೋಗ್ತಾನೆ, ನಮ್ಮ ಧಂದೆಯ ಹಳೇ ಭಯ ಇದು. ಕೊನೆಗೆ 2025ರ ಆಗಸ್ಟಲ್ಲಿ ಪೂರ್ತಿ ಚಾನೆಲ್ಲನ್ನೇ ನೇರವಾಗಿ ಮಾರೋಕೆ ಇಳಿದ್ರು, ತಿಂಗಳಿಗೆ 29.99 ಡಾಲರ್. ನೋಡದವರೂ ಸೇರಿ ಎತ್ತುತ್ತಿದ್ದ ಭಾರ ಈಗ ನೋಡುವವನ ತಲೆ ಮೇಲೆ, ಭಾವನ ಬಿಲ್ಲಿನ ಕಾಲದ 7 ಡಾಲರ್ ರೇಟ್ ನಾಲ್ಕು ಪಟ್ಟಾಗಿದ್ದು ಅದಕ್ಕೇ. ಇತ್ತ ಎನ್‌ಬಿಎ ಹೊಸ ಕರಾರು ಆ ವರ್ಷದಿಂದಲೇ ಶುರು, ಹನ್ನೊಂದು ವರ್ಷದ್ದು, ಹಳೇದಕ್ಕಿಂತ ಎಷ್ಟೋ ದುಬಾರಿ. ಭಾವನಿಗೆ ಫೋನ್ ಮಾಡಿ ತಗೋತೀರಾ ಅಂತ ಕೇಳ್ದೆ. ಅವರು ಕೇಬಲ್ ತೆಗೆಸಿ ಆರು ವರ್ಷ ಆಗಿತ್ತು, "ಅದ್ರಲ್ಲಿ ಆರ್‌ಸಿಬಿ ಮ್ಯಾಚ್ ಬರುತ್ತೇನೋ?" ಅಂದ್ರು.