ಜರಿಗಿಡಕ್ಕೆ ಹಿಡಿಯುವ ಬಿಳಿ ತುಕ್ಕು

ಆಟಿಯ ಮಳೆ ಹಿಡಿದರೆ ಸಾಕು, ನಮ್ಮ ಕಾಸರಗೋಡಿನ ಬಾಯಾರು ಕಡೆ ನೀರಿಗಾಗಿ ಗುಡ್ಡ ಕೊರೆದ ಸುರಂಗಗಳ ಬಾಯಲ್ಲಿ ಜರಿಗಿಡಗಳು ದಟ್ಟವಾಗಿ ತುಂಬಿಕೊಳ್ಳುತ್ತವೆ. ಕೆಂಪುಕಲ್ಲಿನ ಗೋಡೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಬಿಸಿಲು ಒಳಗೆ ಇಣುಕುವುದೂ ಇಲ್ಲ. ಜರಿಗೆ ಇನ್ನೇನು ಬೇಕು? ಕಳೆದ ಮಳೆಗಾಲ ಪಕ್ಕದ ಮನೆಯ ಅಕ್ಕ ಅಲ್ಲಿಂದ ಒಂದು ಗರಿ ಕಿತ್ತು ತಂದು ಮಗುಚಿ ತೋರಿಸಿದರು. ಎಲೆಯ ಹಿಂದೆಲ್ಲ ಕಂದು ಗೆರೆ, ಕಂದು ಚುಕ್ಕಿ. "ಇದಕ್ಕೆ ತುಕ್ಕುರೋಗ ಬಂದಿದೆ ಅಲ್ವಾ? ತೋಟಕ್ಕೆ ಹರಡಿದರೆ? ಅಡಿಕೆ ಜೊತೆ ಇದಕ್ಕೂ ಮದ್ದು ಬಿಡ್ಬೇಕಾ?" ಅಂತ ಕೇಳಿದರು.

ಬೇಡ ಅಕ್ಕ, ಅಂದೆ. ಜರಿಗೆ ಹೂವಿಲ್ಲ, ಬೀಜವಿಲ್ಲ. ಆ ಕಂದು ಚುಕ್ಕಿಗಳಲ್ಲಿ ಇರುವುದು ಅದರದ್ದೇ ಬೀಜಕಗಳು, ಅಂದರೆ ಮುಂದಿನ ತಲೆಮಾರು. ಅವು ಕೂತ ಕ್ರಮ ನೋಡಿದರೇ ಗೊತ್ತಾಗುತ್ತದೆ: ಕೆಲವು ಜರಿಗಳಲ್ಲಿ ನರದ ಉದ್ದಕ್ಕೆ, ಕೆಲವದರಲ್ಲಿ ಎಲೆಯಂಚಿಗೆ, ಪ್ರತಿ ಗರಿಯಲ್ಲೂ ಅದೇ ಲೆಕ್ಕ. ರೋಗ ಹಾಗೆ ಸಾಲು ಹಿಡಿದು ಬರುವುದಿಲ್ಲ. ಚಿಕ್ಕವರಿದ್ದಾಗ ನಾವೆಲ್ಲ ಕೈಗೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಳ್ಳುತ್ತಿದ್ದೆವಲ್ಲ, ಆ ಜರಿಯ ಬೆನ್ನಿನ ಹುಡಿಯೂ ರೋಗವಲ್ಲ. ಅದು ಗಿಡವೇ ಒಸರುವ ಮೇಣದಂಥ ವಸ್ತು.

ಆದರೂ ಅಕ್ಕನ ಪ್ರಶ್ನೆಯಲ್ಲಿ ಹುರುಳಿದೆ. ಜರಿಗೆ ನಿಜವಾಗಿಯೂ ತುಕ್ಕು ಹಿಡಿಯುತ್ತದೆ, ಹಿಡಿಸುವ ಶಿಲೀಂಧ್ರಗಳ ಒಂದು ಕುಲದ ಹೆಸರು ಯುರೆಡಿನಾಪ್ಸಿಸ್. ಜರ್ಮನಿಯ ಪಾಲ್ ಮ್ಯಾಗ್ನಸ್ 1893ರಲ್ಲಿ ಈ ಹೆಸರು ಕೊಟ್ಟರು. ಗೋಧಿಯ ತುಕ್ಕು, ಕೊಡಗಿನ ಕಾಫಿ ಎಲೆಯ ತುಕ್ಕು, ಎಲ್ಲ ಇದರ ನೆಂಟರೇ. ನಮ್ಮ ಅಡಿಕೆಯ ಕೊಳೆರೋಗ ಮಾತ್ರ ಈ ಬಳಗಕ್ಕೆ ಸೇರಿದ್ದಲ್ಲ, ಅದನ್ನು ತರುವ ಜೀವಿ ಸರಿಯಾಗಿ ನೋಡಿದರೆ ಶಿಲೀಂಧ್ರವೂ ಅಲ್ಲ.

ತುಕ್ಕು ಅಂದ ಕೂಡಲೇ ಕಬ್ಬಿಣದ ಕೆಂಪು ನೆನಪಾಗುತ್ತದೆ. ಕಾಫಿ ಎಲೆಯ ಹಿಂದೆ ಬೆರಳಾಡಿಸಿದರೆ ಕಿತ್ತಳೆ ಬಣ್ಣದ ಹುಡಿ ಮೆತ್ತಿಕೊಳ್ಳುತ್ತದೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಜಾತಿಯದೇ ಬಣ್ಣ ಅದು. ಯುರೆಡಿನಾಪ್ಸಿಸ್‌ಗೆ ಆ ಬಣ್ಣವೇ ಇಲ್ಲ. ಇದರ ಬೀಜಕಗಳು ಬಿಳಿ, ಒಂದು ತುದಿಯಲ್ಲಿ ಸಣ್ಣ ಕೊಕ್ಕು ಬೇರೆ. ಎಲೆ ಅಲ್ಲಲ್ಲಿ ಹಳದಿಯಾಗಿ ಕಂದಾಗುತ್ತದೆ, ಅದರ ಅಡಿಯಲ್ಲಿ ಚಿಕ್ಕ ಗುಳ್ಳೆಗಳು ಒಡೆದು ಬಿಳಿ ಹುಡಿ ಹೊರಗೆ ಬರುತ್ತದೆ. ಭೂತಗನ್ನಡಿ ಇಲ್ಲದೆ ನೋಡಿದರೆ ಸುಮ್ನೆ ಎಲೆ ಮುದಿಯಾಗಿದೆ ಅನಿಸಿಬಿಡುತ್ತದೆ.

ಇದರ ಸಂಸಾರ ಎರಡು ಮನೆಗಳಲ್ಲಿ ನಡೆಯುತ್ತದೆ, ನನಗೆ ಜಾಸ್ತಿ ಇಷ್ಟವಾಗುವ ಭಾಗ ಇದು. ಒಂದು ಮನೆ ಜರಿ, ಇನ್ನೊಂದು ಫರ್ ಮರ, ಶೀತದೇಶಗಳಲ್ಲಿ ಕ್ರಿಸ್ಮಸ್‌ಗೆ ಸಿಂಗರಿಸುತ್ತಾರಲ್ಲ, ಆ ಸೂಜಿ ಎಲೆಯ ಮರ. ಬೇಸಗೆಯಲ್ಲಿ ಬಿಳಿ ಬೀಜಕಗಳು ಜರಿಯಿಂದ ಜರಿಗೆ ಹಾರುತ್ತವೆ. ಚಳಿ ಬರುವ ಹೊತ್ತಿಗೆ ಶಿಲೀಂಧ್ರ ಇನ್ನೊಂದು ಬಗೆಯ ಬೀಜಕಗಳನ್ನು ಎಲೆಯ ಒಳಗೇ, ಜೀವಕೋಶಗಳ ನಡುವೆ ಬಚ್ಚಿಡುತ್ತದೆ. ಗರಿ ಒಣಗಿ ನೆಲಕ್ಕೆ ಬಿದ್ದರೂ, ಮೇಲೆ ಹಿಮ ಕವಿದರೂ ಅವು ಒಳಗೆ ಕ್ಷೇಮ. ವಸಂತದಲ್ಲಿ ಅವು ಮೊಳೆತು, ಆ ಸತ್ತ ಎಲೆಯಿಂದ ಪುಟ್ಟ ಬೀಜಕಗಳನ್ನು ಗಾಳಿಗೆ ಬಿಡುತ್ತವೆ. ಇವು ಜರಿಯ ಮೇಲೆ ಬಿದ್ದರೆ ಏನೂ ಆಗದು, ಬೀಳಬೇಕಾದದ್ದು ಫರ್ ಮರದ ಎಳೆ ಸೂಜಿಗಳ ಮೇಲೆ. ಅಲ್ಲಿ ಬೆಳೆದು, ಸೂಜಿಯ ಅಡಿಯಲ್ಲಿ ಬಿಳಿ ಕೊಳವೆಗಳನ್ನು ಕಟ್ಟಿ, ಅದರಿಂದ ಹೊರಟ ಬೀಜಕಗಳು ಮತ್ತೆ ಜರಿಗೇ ಮರಳುತ್ತವೆ. ಮರದ ಮೇಲಿನ ರೋಗ ಒಂದು, ಜರಿಯದ್ದು ಇನ್ನೊಂದು ಅಂತ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದವರಿಗೆ ಎರಡೂ ಒಂದೇ ಜೀವಿ ಅಂತ ತೋರಿಸಿಕೊಟ್ಟವರಲ್ಲಿ ಕೆನಡಾದ ಡಬ್ಲ್ಯು. ಪಿ. ಫ್ರೇಸರ್ ಮೊದಲಿಗರು. 1910ರ ದಶಕದಲ್ಲಿ ಅವರು ಒಂದರ ಬೀಜಕಗಳನ್ನು ಇನ್ನೊಂದರ ಮೇಲೆ ಹಾಕಿ, ಕಾದು, ನೋಡಿದರು. ಗೋಧಿಯ ತುಕ್ಕಿಗೂ ಹೀಗೇ ಎರಡು ಮನೆ ಇದೆ ಅಂತ 1865ರಲ್ಲೇ ಜರ್ಮನಿಯ ವಿಜ್ಞಾನಿ ಆಂಟನ್ ಡಿ ಬಾರಿ ತೋರಿಸಿದ್ದರು.

ಈ ಕುಲದ ಬಗ್ಗೆ ತುಂಬ ಕಾಲ ಒಂದು ನಂಬಿಕೆ ಇತ್ತು. ಜರಿಗಳು ಹೂಬಿಡುವ ಗಿಡಗಳಿಗಿಂತ ಹಳೆಯವು, ಹಾಗಾಗಿ ಜರಿಯ ಮೇಲಿನ ತುಕ್ಕು ಎಲ್ಲ ತುಕ್ಕುಗಳ ಅಜ್ಜ ಇರಬೇಕು ಅಂತ. ಕೇಳಿದರೆ ಸರಿ ಅನಿಸುತ್ತದೆ, ಅಲ್ವಾ? ನಾನೂ ಬಹಳ ದಿನ ಹಾಗೇ ತಿಳಿದಿದ್ದೆ. 1999ರಲ್ಲಿ ಜಪಾನಿನ ಸಂಶೋಧಕರು, ಮತ್ತೆ 2006ರಲ್ಲಿ ಅಮೆರಿಕದವರು ಡಿಎನ್ಎ ಹೋಲಿಸಿ ನೋಡಿದಾಗ ಜರಿಯ ತುಕ್ಕುಗಳು ವಂಶವೃಕ್ಷದ ಬುಡದಲ್ಲಿ ಸಿಗಲೇ ಇಲ್ಲ. ಬುಡಕ್ಕೆ ಹತ್ತಿರ ಕಂಡವುಗಳಲ್ಲಿ ಕಾಫಿಯ ತುಕ್ಕು ಒಂದು! 1869ರಲ್ಲಿ ಸಿಲೋನಿನ (ಈಗಿನ ಶ್ರೀಲಂಕಾದ) ತೋಟಗಳಿಂದ ಮೊದಲು ವರ್ಣಿಸಿದ, ಅಲ್ಲಿನ ಕಾಫಿಯನ್ನೇ ಮುಗಿಸಿ ಚಹಾಕ್ಕೆ ದಾರಿ ಮಾಡಿದ ಅದೇ ತುಕ್ಕು. ಇನ್ನು ಜರಿಗಳ ವಯಸ್ಸಿನ ಲೆಕ್ಕವೂ ಅಷ್ಟು ನೇರವಲ್ಲ. ಅವುಗಳ ಮನೆತನ ಹಳೆಯದು, ನಿಜ. ಆದರೆ ಈಗ ನಾವು ಕಾಣುವ ಹೆಚ್ಚಿನ ಜರಿಗಳು ಕವಲೊಡೆದದ್ದು ಹೂಬಿಡುವ ಮರಗಳು ಕಾಡು ಕಟ್ಟಿದ ಮೇಲೆ, ಅವುಗಳ ನೆರಳಿನಲ್ಲಿ ಅಂತ 2004ರ ಒಂದು ಅಧ್ಯಯನ ಹೇಳಿತು. ನಮ್ಮ ಅಡಿಕೆ ತೋಟದ ಬರೆಯಲ್ಲಿ, ಅಂದರೆ ಮಣ್ಣಿನ ದಂಡೆಯಲ್ಲಿ, ಬೆಳೆಯುವ ಹಾಗೆಯೇ!

ಮತ್ತೆ ಆ ಎರಡನೇ ಮನೆ? ಭಾರತದಲ್ಲಿ ಫರ್ ಮರ ತಾನಾಗಿ ಬೆಳೆಯುವುದು ಹಿಮಾಲಯದಲ್ಲಿ ಮಾತ್ರ. ಪಶ್ಚಿಮಘಟ್ಟದಲ್ಲಿ ಅದು ಇಲ್ಲ. ಅಂದಮೇಲೆ ಈ ಶಿಲೀಂಧ್ರದ ಪೂರ್ತಿ ಸುತ್ತು ನಮ್ಮ ಗುಡ್ಡೆಗಳಲ್ಲಿ ನಡೆಯಲಾರದು. ಹಾಗಂತ ಫರ್ ಇಲ್ಲದ ಕಡೆ ಜರಿಯ ತುಕ್ಕು ಬದುಕುವುದೇ ಇಲ್ಲ ಅಂತಲ್ಲ. ಬ್ರಿಟನ್ನಿನಲ್ಲೂ ಸ್ಥಳೀಯ ಫರ್ ಇಲ್ಲ, ಆದರೂ ಇದರ ಹತ್ತಿರದ ನೆಂಟ ಮೈಲೆಸಿನಾ ಅಲ್ಲಿನ ನಿತ್ಯಹಸಿರು ಜರಿಗಳ ಮೇಲೆ ಇದೆ. ಬೇಸಗೆಯ ಬೀಜಕಗಳು ಜರಿಯಿಂದ ಜರಿಗೆ ದಾಟುತ್ತಿದ್ದರೆ ಒಂದೇ ಮನೆಯಲ್ಲೂ ದಿನ ತಳ್ಳಬಹುದು.

ಅಕ್ಕನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ಹಾಗಾದರೆ ಬಿಳಿ ಕಂಡರೆ ಮಾತ್ರ ನಿನ್ನನ್ನು ಕರೀಬೇಕು?" ಹೌದು. ಹಳದಿ ಮಚ್ಚೆ, ಅದರ ಅಡಿಯಲ್ಲಿ ಸಾಲು ತಪ್ಪಿದ ಬಿಳಿ ಗುಳ್ಳೆ. ಅಂಥದ್ದು ಕಂಡರೆ ರಾತ್ರಿಯಾದರೂ ಟಾರ್ಚು ಹಿಡಿದು ಬರುತ್ತೇನೆ.