ಕಪ್ಪು ಬೆಕ್ಕು ಬೀಳಲೇ ಇಲ್ಲ

"ದೊಡ್ಡಮ್ಮ, ಇದರೊಳಗೆ ಕಪ್ಪು ಬೆಕ್ಕು ಹಾಕೇ ಇಲ್ಲ. ಸುಮ್ನೆ ಚಿತ್ರ ಅಂಟಿಸಿದ್ದಾರೆ."

ಟೋಕಿಯೊದ ಇಕೆಬುಕುರೊದಲ್ಲಿ ತಂಗಿಯ ಮಗ ಹೀಗೆ ತೀರ್ಪು ಕೊಟ್ಟಾಗ ಅವನ ಚೀಲದಲ್ಲಿ ಹತ್ತು ಪ್ಲಾಸ್ಟಿಕ್ ಬೆಕ್ಕುಗಳಿದ್ದವು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಆಟಿಕೆ ಇರುವ ಒಂದು ಕ್ಯಾಪ್ಸೂಲ್ ಬೀಳುವ ಯಂತ್ರದಿಂದ ಬಂದವು, ಯಾವುದು ಬೇಕು ಅಂತ ಆರಿಸುವಂತಿಲ್ಲ. ಒಂದಕ್ಕೆ 300 ಯೆನ್. ನನ್ನ ಪರ್ಸಿನಿಂದ 3,000 ಯೆನ್ ಹೋಗಿತ್ತು. ಯಂತ್ರದ ಮೇಲಿನ ಚಿತ್ರದಲ್ಲಿ ಆರು ಬಗೆ ಬೆಕ್ಕುಗಳಿವೆ. ಇವನಿಗೆ ಬೇಕಾಗಿದ್ದು ಕಪ್ಪು. ಬಂದಿದ್ದರಲ್ಲಿ ಬಿಳಿಯದೇ ನಾಲ್ಕು.

ನಾನು ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆ ಮಾಡುವವಳು. ಸಾವಿರಾರು ಬಿಡಿಭಾಗಗಳ ಲಾಟಿನಿಂದ ಒಂದಿಷ್ಟನ್ನು ಎತ್ತಿ ನೋಡಿ, ಇಡೀ ಲಾಟು ಸರಿಯಿದೆಯೋ ಇಲ್ಲವೋ ಹೇಳಬೇಕು. ಹುಡುಗನೂ ಅದನ್ನೇ ಮಾಡಿದ್ದ. ಹತ್ತು ಎತ್ತಿದ್ದಾನೆ, ಲಾಟು ರಿಜೆಕ್ಟ್ ಅಂದಿದ್ದಾನೆ.

ಈ ಯಂತ್ರಗಳಿಗೆ ಜಪಾನಿನಲ್ಲಿ ಗಾಚಾಗಾಚಾ ಅಂತಲೋ ಗಾಚಾಪೊನ್ ಅಂತಲೋ ಹೆಸರು. ಹಿಡಿ ತಿರುಗುವ ಸದ್ದು ಗಾಚಾ, ಕ್ಯಾಪ್ಸೂಲ್ ಬೀಳುವ ಸದ್ದು ಪೊನ್. 1965ರಲ್ಲಿ ಅಮೆರಿಕದಿಂದ ತರಿಸಿದ ಯಂತ್ರಗಳಿಂದ ಇದು ಶುರುವಾಯಿತು. ಆಗ 10 ಯೆನ್ ಹಾಕಿದರೆ ಸಾಕಿತ್ತು. ನಾಣ್ಯ ಹಾಕುವ ಯಂತ್ರದ ಹೊಟ್ಟೆಯಲ್ಲಿ ಇವತ್ತಿಗೂ ಹೆಚ್ಚೇನೂ ಇಲ್ಲ. ನಾಣ್ಯ ಬಿದ್ದರೆ ಹಿಡಿ ಸಡಿಲವಾಗುತ್ತದೆ, ತಳದಲ್ಲಿ ತೂತಿನ ತಟ್ಟೆ ತಿರುಗುತ್ತದೆ, ತೂತಿಗೆ ಸಿಕ್ಕಿದ್ದು ಕೆಳಗೆ ಬೀಳುತ್ತದೆ. ಇವನಿಗೆ ಕಪ್ಪು ಕೊಡಬಾರದು ಅಂತ ಹಠ ಹಿಡಿಯಲು ಅದಕ್ಕೆ ಮಿದುಳಿಲ್ಲ. ಯಂತ್ರದ ಉಗುರಿನಿಂದ ಬಹುಮಾನ ಎತ್ತುವ ಪಕ್ಕದ ಕ್ರೇನ್ ಗೇಮ್ ಹಾಗಲ್ಲ. ಅದರ ಉಗುರು ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದನ್ನು ಅಂಗಡಿಯವರೇ ಹೊಂದಿಸಬಹುದು.

ಈಗ ಲೆಕ್ಕ. ಆರು ಬಗೆಯೂ ಸಮನಾಗಿವೆ ಅಂದುಕೊಳ್ಳೋಣ. ಒಂದು ಸಲ ಕಪ್ಪು ತಪ್ಪುವ ಸಾಧ್ಯತೆ ಆರಕ್ಕೆ ಐದು. ಹತ್ತು ಸಲವೂ ತಪ್ಪಬೇಕೆಂದರೆ ಆರನೇ ಐದನ್ನು ಹತ್ತು ಸಲ ಗುಣಿಸಬೇಕು. ಸುಮಾರು 16 ಪರ್ಸೆಂಟ್ ಬರುತ್ತದೆ. ಇಕೆಬುಕುರೊದ ಒಂದೇ ಅಂಗಡಿಯಲ್ಲಿ, 2021ರಲ್ಲಿ ಆಟಿಕೆ ಕಂಪನಿ ಬಂದೈ ನಾಮ್ಕೊ ಗುಂಪು ತೆರೆದದ್ದರಲ್ಲಿ, 3,000ಕ್ಕೂ ಹೆಚ್ಚು ಯಂತ್ರಗಳಿವೆ. ಎಲ್ಲದರಲ್ಲೂ ಆರಾರು ಬಗೆ ಇದ್ದು, ಒಂದೊಂದರ ಮುಂದೆ ಒಂದೊಂದು ಮಗು ಹತ್ತು ಸಲ ತಿರುಗಿಸಿದರೆ, ಸುಮಾರು 480 ಮಕ್ಕಳು ಬೇಕಾದದ್ದು ಸಿಗದೆ ಮುಖ ಊದಿಸಿಕೊಂಡು ಹೋಗುತ್ತಾರೆ. ಅಷ್ಟೂ ಜನಕ್ಕೆ ಮೋಸವಾಯಿತು ಅನ್ನಿಸುತ್ತದೆ, ಅಷ್ಟೂ ಜನ ಅದನ್ನು ನಾಲ್ಕು ಜನಕ್ಕೆ ಹೇಳುತ್ತಾರೆ. ಸಿಕ್ಕವರು ಸುಮ್ಮನೆ ಮನೆಗೆ ಹೋಗಿರುತ್ತಾರೆ, ಅಲ್ವಾ?

ನಮ್ಮ ಕೆಲಸದಲ್ಲಿ ಅನುಮಾನಕ್ಕೆ ರೂಢಿಯ ಗೆರೆ 5 ಪರ್ಸೆಂಟ್: ಬರೀ ಆಕಸ್ಮಿಕವಾಗಿ ಹೀಗಾಗುವ ಸಾಧ್ಯತೆ ಅದಕ್ಕಿಂತ ಕಡಿಮೆಯಿದ್ದರೆ ಅನುಮಾನ ಪಡುತ್ತೇವೆ. ಆ ಗೆರೆಯ ಕೆಳಗೆ ಇಳಿಯಬೇಕಾದರೆ ಹುಡುಗ 17 ಸಲ ಬರಿಗೈಯಾಗಬೇಕಿತ್ತು. ಅಂದರೆ 5,100 ಯೆನ್. ಆಗಲೂ ಅದು ಅನುಮಾನ ಮಾತ್ರ, ಸಾಕ್ಷಿ ಅಲ್ಲ.

ಆರೂ ಸೇರಿಸುತ್ತೇನೆ ಅಂತ ಹೊರಟರೆ ಇನ್ನೂ ಕಷ್ಟ. ಆರೇ ಸಲದಲ್ಲಿ ಆರೂ ಬರುವ ಸಾಧ್ಯತೆ 1.5 ಪರ್ಸೆಂಟ್ ಅಷ್ಟೇ. ಸರಾಸರಿ ಹದಿನೈದು ಸಲದ ಹತ್ತಿರ ಬೇಕಾಗುತ್ತದೆ, ಸುಮಾರು 4,400 ಯೆನ್. ಟೋಕಿಯೊದ ಇನ್ನೊಂದು ಬಡಾವಣೆ ಅಕಿಹಬಾರದ ಅಂಗಡಿಗಳಲ್ಲಿ ಬಿಚ್ಚಿದ ಪೂರ್ತಿ ಸೆಟ್ ಜಾಸ್ತಿ ಬೆಲೆಗೆ ಮಾರುವುದನ್ನು ನೋಡಿ ಸುಲಿಗೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊನೆಯ ಒಂದಕ್ಕಾಗಿ ಪರದಾಡುವ ಖರ್ಚಿನ ಮುಂದೆ ಅದು ಎಷ್ಟೋ ವಾಸಿ.

ಆದರೆ ಆರೂ ಸಮ ಅಂದೆನಲ್ಲ, ಅದು ಯಾವಾಗಲೂ ನಿಜವಲ್ಲ. ಕ್ಯಾಪ್ಸೂಲುಗಳು ಕಾರ್ಖಾನೆಯಿಂದ ಚೀಲದಲ್ಲಿ ಬರುತ್ತವೆ. ಒಂದು ಚೀಲದಲ್ಲಿ 40 ಇವೆ ಅನ್ನಿ. ನಲವತ್ತನ್ನು ಆರರಿಂದ ಭಾಗಿಸಿ ನೋಡಿ, ಸರಿಹೋಗುವುದಿಲ್ಲ. ಕೆಲವು ಏಳು, ಕೆಲವು ಆರು. ಚೀಲವನ್ನು ಹಾಗೇ ಸುರಿದರೆ ಒಂದೇ ಬಗೆಯವು ಒಂದೇ ಮೂಲೆಯಲ್ಲಿ ಗುಂಪಾಗಿ ಕೂತುಬಿಡಬಹುದು. ತಟ್ಟೆ ತಳದಲ್ಲಿದ್ದದ್ದನ್ನು ಸ್ವಲ್ಪ ಕದಲಿಸುತ್ತದೆ, ಮೇಲಿನವನ್ನು ಕಲಸುವುದಿಲ್ಲ. ನಾಲ್ಕು ಬಿಳಿ ಬೆಕ್ಕು ಹಿಂದೆ ಹಿಂದೆಯೇ ಬಿದ್ದದ್ದು ಹೀಗಿರಬಹುದು. ಮತ್ತೆ ಮತ್ತೆ ಅದೇ ಬಂದರೆ ಅಲ್ಲಿಯವರು 'ಡಬುರಿ' ಅನ್ನುತ್ತಾರೆ. ಇಂಗ್ಲಿಷಿನ ಡಬಲ್‌ನಿಂದ ಹುಟ್ಟಿದ ಮಾತು.

ಹಾಗಾದರೆ ಮೋಸ ಆಗುವುದೇ ಇಲ್ಲವಾ? ಆಗಬಹುದು. ಆದರೆ ಹಿಡಿ ತಿರುಗಿಸುವಲ್ಲಿ ಅಲ್ಲ, ಬೀಗ ತೆಗೆಯುವಲ್ಲಿ. ಬೀಗದ ಕೈ ಇರುವವರು ಬೇಡಿಕೆಯ ಒಂದು ಬಗೆಯನ್ನು ಮೊದಲೇ ಆರಿಸಿ ತೆಗೆದು, ಆರು ಬಗೆಯ ಚಿತ್ರವನ್ನು ಹಾಗೇ ಬಿಟ್ಟರೆ ಅದು ಮೋಸವೇ. ಹಳೆಯ ಉಳಿಕೆ ಮಾಲು ಬೆರೆಸಿ ಹೊಸ ಚಿತ್ರ ಹಾಕಿದರೂ ಅಷ್ಟೇ. ಒಸಾಕಾದಲ್ಲಿ 2017ರ ಡಿಸೆಂಬರ್‌ನಲ್ಲಿ ಪೊಲೀಸರು ಕ್ರೇನ್ ಗೇಮ್ ನಡೆಸುತ್ತಿದ್ದವರನ್ನು ಬಂಧಿಸಿದಾಗ ಆರೋಪ ಇದೇ ಜಾತಿಯದು: ಗೆಲ್ಲಲು ಆಗದಂತೆ ಹೊಂದಿಸಿ, ಗೆಲ್ಲಬಹುದು ಅಂತ ಆಡಿಸಿದರು ಎಂದು. ಸಿಗುವುದು ಕಷ್ಟ ಅನ್ನುವುದು ಆಟ. ಸಿಗುವುದೇ ಇಲ್ಲ ಅಂತ ಗೊತ್ತಿದ್ದೂ ದುಡ್ಡು ತೆಗೆದುಕೊಳ್ಳುವುದು ಬೇರೆ.

ಮೊಬೈಲ್ ಆಟಗಳಲ್ಲೂ ದುಡ್ಡು ಕೊಟ್ಟು, ಯಾವುದು ಬರುತ್ತದೋ ಗೊತ್ತಿಲ್ಲದೆ ಕಾರ್ಡು ಎತ್ತುವ ಗಾಚಾ ಇದೆ. ಅಲ್ಲಿ ಯಂತ್ರಕ್ಕೆ ಮಿದುಳೂ ಇದೆ, ಖಾಲಿಯಾಗುವ ಚೀಲವೂ ಇಲ್ಲ. ಒಂದು ಗುಂಪಿನ ಕಾರ್ಡುಗಳೆಲ್ಲ ಸೇರಿದರೆ ಮಾತ್ರ ದೊಡ್ಡ ಬಹುಮಾನ ಅನ್ನುವ 'ಕಂಪ್ಲೀಟ್ ಗಾಚಾ' ಕಾನೂನಿಗೆ ವಿರುದ್ಧ ಅಂತ ಜಪಾನಿನ ಗ್ರಾಹಕ ಇಲಾಖೆ 2012ರಲ್ಲಿ ಹೇಳಿತು. ನನ್ನನ್ನು ಕೇಳಿದರೆ ಜಾಸ್ತಿ ಹೆದರಬೇಕಾದದ್ದು ಆ ಕಡೆಗೆ.

ನಾಣ್ಯ ಹಾಕುವ ಮೊದಲು ನಾನೇನು ನೋಡುತ್ತೇನೆ? ಗಾಜಿನೊಳಗೆ ಎಷ್ಟು ಉಳಿದಿವೆ ಅಂತ. ತಳದಲ್ಲಿ ಐದಾರೇ ಇದ್ದು, ಬೇಕಾದ ಬಣ್ಣ ಕಾಣದಿದ್ದರೆ ಅದು ಮುಂಚೆಯೇ ಯಾರಿಗೋ ಹೋಗಿರಬಹುದು. ಯಂತ್ರದ ಮೇಲೆ ನಡೆಸುವವರ ಹೆಸರು, ಫೋನ್ ನಂಬರಿನ ಸ್ಟಿಕರ್ ಇದೆಯಾ ಅಂತಲೂ ನೋಡುತ್ತೇನೆ. ಇಲ್ಲದಿದ್ದರೆ ಮುಂದಿನ ಯಂತ್ರಕ್ಕೆ ಹೋಗುತ್ತೇನೆ.

ಇಷ್ಟೆಲ್ಲ ನಾನು ಹುಡುಗನಿಗೆ ಹೇಳುತ್ತಿರುವಾಗಲೇ ಅಂಗಡಿಯ ಹುಡುಗಿ ಬೀಗದ ಕೈ ಹಿಡಿದು ಬಂದಳು. ಹೊಸ ಚೀಲ ಕತ್ತರಿಸಿ ಒಂದೇ ಸಲಕ್ಕೆ ಸುರಿದಳು. ಗಾಜಿನ ನಟ್ಟನಡುವೆ, ತೂತಿನಿಂದ ದೂರದಲ್ಲಿ, ಕಪ್ಪು ಬೆಕ್ಕು ನಮ್ಮನ್ನೇ ನೋಡುತ್ತಿತ್ತು. ಹುಡುಗ ಕೈ ಚಾಚಿದ. ಪರ್ಸಿನಲ್ಲಿ 100 ಯೆನ್‌ನ ಎರಡೇ ನಾಣ್ಯ ಉಳಿದಿದ್ದವು. ನೋಟಿಗೆ ಚಿಲ್ಲರೆ ಕೊಡುವ ಯಂತ್ರ ನನ್ನ ಬೆನ್ನ ಹಿಂದೆಯೇ ಇತ್ತು. ನಾನು ಅಲ್ಲಿಂದ ಅಲುಗಾಡಲಿಲ್ಲ.